ಮೇಲ್ಸೇತುವೆಗೆ ತುಕ್ಕು ಹಿಡಿದರೆ ಸುದ್ದಿ. ಪಿಕಪ್ ಚಾಸಿಗೆ ಹಿಡಿದರೆ ಯಾರ ತಲೆಮೇಲೆ?

2021ರ ಡಿಸೆಂಬರ್ 25ರಂದು ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ಇದ್ದಕ್ಕಿದ್ದಂತೆ ಮುಚ್ಚಲಾಯಿತು. 102 ಮತ್ತು 103ನೇ ಪಿಲ್ಲರ್‌ಗಳ ನಡುವೆ ಕಾಂಕ್ರೀಟಿನೊಳಗಿದ್ದ ಉಕ್ಕಿನ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. ಸೇತುವೆ ಬಳಕೆಗೆ ಬಂದಿದ್ದು 2010ರಲ್ಲಿ. ಅಂದ್ರೆ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಆಮೇಲೆ ಐಐಎಸ್ಸಿ ತಜ್ಞರು ಬಂದರು, ಲೋಡ್ ಟೆಸ್ಟ್ ಆಯಿತು, 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಬಿಟ್ಟರು. ಭಾರೀ ವಾಹನಗಳು ಮತ್ತೆ ಹತ್ತಿದ್ದು 2024ರ ಜುಲೈ ಕೊನೆಗೆ, ಅದೂ ಶುಕ್ರವಾರ ಬಿಟ್ಟು. ಕಟ್ಟಿದವರು ಯಾರು, ದುಡ್ಡು ಯಾರು ಕೊಡಬೇಕು ಅಂತ ಪತ್ರಿಕೆಗಳು ಕೇಳಿದವು, ವಿರೋಧ ಪಕ್ಷದವರು ಕೇಳಿದರು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಪ್ರತಿಯೊಬ್ಬರೂ ಕೇಳಿದರು.

ಅದೇ ರಸ್ತೆಯಿಂದ 8ನೇ ಮೈಲಿಯಲ್ಲಿ ಹೆಸರಘಟ್ಟ ರಸ್ತೆಗೆ ತಿರುಗಿದರೆ ಬಾಗಲಗುಂಟೆ. ಇಲ್ಲಿನ ಅಡ್ಡರಸ್ತೆಗಳಲ್ಲಿ, ಎಂಇಐ ಲೇಔಟ್‌ನ ಖಾಲಿ ಸೈಟುಗಳ ಪಕ್ಕದಲ್ಲಿ, ರಾತ್ರಿ ಹೊತ್ತು ಸಾಲಾಗಿ ನಿಂತಿರುವ ಗಾಡಿಗಳನ್ನು ನೋಡಿ: ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್, ಸೂಪರ್ ಕ್ಯಾರಿ. ಪೀಣ್ಯದ ಸಣ್ಣ ಕಾರ್ಖಾನೆಗಳ ಸಾಮಾನು ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಹೋಗೋದು ಇವುಗಳ ಬೆನ್ನ ಮೇಲೆ. ಈ ಗಾಡಿಗಳ ಕೆಳಗೂ ಉಕ್ಕಿದೆ, ಅದಕ್ಕೂ ತುಕ್ಕು ಹಿಡಿಯುತ್ತೆ. ಆದರೆ ಅಲ್ಲಿ ತೂತು ಬಿದ್ದಾಗ "ದುಡ್ಡು ಯಾರು ಕೊಡಬೇಕು" ಅಂತ ಯಾರೂ ಕೇಳಲ್ಲ. ಯಾಕಂದ್ರೆ ಉತ್ತರ ಮೊದಲೇ ಗೊತ್ತು: ಗಾಡಿಯ ಮಾಲೀಕ. ಬಹಳಷ್ಟು ಸಲ ಅವನೇ ಚಾಲಕ, ಅವನೇ ಲೋಡರ್, ಅವನೇ ಇಎಂಐ ಕಟ್ಟುವವನು.

ಈ ಉತ್ತರ ಸರಿಯಾ? ಕಂಪನಿಯ ವಾರಂಟಿ ನಿಜವಾಗಿ ಏನು ಹೇಳುತ್ತೆ, ಕಾನೂನು ಎಷ್ಟು ದೂರ ಜೊತೆಗೆ ಬರುತ್ತೆ, ಎಲ್ಲಿ ಕೈಬಿಡುತ್ತೆ ಅಂತ ಒಂದೊಂದಾಗಿ ನೋಡೋಣ.

ಚಾಸಿ ಅಂದ್ರೆ ಗಾಡಿಯ ಬೆನ್ನುಮೂಳೆ

ಇವತ್ತಿನ ಬಹುತೇಕ ಕಾರುಗಳಲ್ಲಿ ಬಾಡಿಯೇ ಭಾರ ಹೊರುತ್ತದೆ. ಪಿಕಪ್‌ನಲ್ಲಿ ಹಾಗಲ್ಲ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅಡ್ಡಕ್ಕೆ ಕೆಲವು ತುಂಡುಗಳು, ನೋಡೋಕೆ ಏಣಿ ಥರ. ಎಂಜಿನ್, ಕ್ಯಾಬಿನ್, ಹಿಂದಿನ ತೊಟ್ಟಿ, ಲೀಫ್ ಸ್ಪ್ರಿಂಗು, ಬ್ರೇಕ್ ಪೈಪು ಎಲ್ಲವೂ ಕೂತಿರೋದು ಈ ಏಣಿಯ ಮೇಲೆ. ಬಾಗಿಲಿಗೆ ತುಕ್ಕು ಹಿಡಿದರೆ ಅಂದ ಕೆಡುತ್ತೆ, ಅಷ್ಟೇ. ಸ್ಪ್ರಿಂಗ್ ಕೂತ ಜಾಗದಲ್ಲಿ ಚಾಸಿ ತಿಂದುಹೋದರೆ, ಲೋಡ್ ತುಂಬಿದ ಗಾಡಿಯ ಹಿಂದಿನ ಆಕ್ಸಲ್ ಸರಿಯಾಗಿ ಹಿಡಿದಿರಲ್ಲ. ಫ್ಲೈಓವರ್ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಅದು ಗೊತ್ತಾಗೋದು ಚಾಲಕನಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ಬೈಕ್ ಓಡಿಸುತ್ತಿರುವವರಿಗೂ ಕೂಡ.

ಚಾಸಿಗೆ ಇನ್ನೊಂದು ಕೆಲಸವೂ ಇದೆ. ಗಾಡಿಯ ಗುರುತು, ಅಂದರೆ ಚಾಸಿ ನಂಬರ್, ಹೊಡೆದಿರೋದು ಅದರ ಮೇಲೆ. ಎಫ್‌ಸಿಗೆ ಹೋದಾಗ ನಂಬರ್ ಮೇಲೆ ಟೇಪ್ ಅಂಟಿಸಿ, ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವುದನ್ನು ನೀವು ನೋಡಿರಬಹುದು. ತುಕ್ಕು ಆ ನಂಬರನ್ನೇ ತಿಂದರೆ ಗಟ್ಟಿಯಾಗಿರುವ ಗಾಡಿಯ ಎಫ್‌ಸಿ ಕೂಡ ನಿಂತುಹೋಗುತ್ತೆ. ಎಫ್‌ಸಿ ಇಲ್ಲ ಅಂದ್ರೆ ಬಾಡಿಗೆ ಇಲ್ಲ. ಆದರೆ ಇಎಂಐ ನಿಲ್ಲಲ್ಲ.

ಬೆಂಗಳೂರಲ್ಲಿ ಸಮುದ್ರವೇ ಇಲ್ವಲ್ಲ, ತುಕ್ಕು ಎಲ್ಲಿಂದ?

ಕಬ್ಬಿಣ, ನೀರು, ಆಮ್ಲಜನಕ ಈ ಮೂರು ಸೇರಿದರೆ ತುಕ್ಕು ಶುರು. ಉಪ್ಪು ಅಥವಾ ಆಮ್ಲ ಸೇರಿದರೆ ಅದರ ವೇಗ ಹೆಚ್ಚುತ್ತೆ. ಆ ಲೆಕ್ಕದಲ್ಲಿ ಮಂಗಳೂರು, ಕಾರವಾರದ ಗಾಡಿಗಳಿಗಿಂತ ನಮ್ಮ ಗಾಡಿಗಳು ಪುಣ್ಯ ಮಾಡಿವೆ ಅನ್ನೋದು ನಿಜ. ಆದರೆ ಪಿಕಪ್‌ಗೆ ತುಕ್ಕು ಬರೋದು ನಿಂತ ಊರಿನಿಂದ ಮಾತ್ರ ಅಲ್ಲ. ಹೊತ್ತ ಸಾಮಾನಿನಿಂದ, ಹೋದ ದಾರಿಯಿಂದಲೂ ಬರುತ್ತೆ.

ಮಲ್ಪೆ, ಮಂಗಳೂರಿನಿಂದ ಮೀನು ತರುವ ಗಾಡಿಯಲ್ಲಿ ಐಸ್ ಕರಗಿದ ಉಪ್ಪುನೀರು ತೊಟ್ಟಿಯ ಸಂದಿಯಿಂದ ಚಾಸಿ ಮೇಲೆ ರಾತ್ರಿಯಿಡೀ ತೊಟ್ಟಿಕ್ಕುತ್ತೆ. ಪೀಣ್ಯದ ಪ್ಲೇಟಿಂಗ್ ಯೂನಿಟ್‌ಗಳಿಗೆ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನು ಸಾಗಿಸುವ ಗಾಡಿಯಲ್ಲಿ ಒಂದು ಮುಚ್ಚಳ ಸಡಿಲ ಇದ್ದರೆ ಸಾಕು. ಗೊಬ್ಬರ, ಉಪ್ಪಿನ ಮೂಟೆ, ಒದ್ದೆ ಮರಳು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಕೊನೆಗೆ ಮಣ್ಣು. ಚಾಸಿಯ ತೊಲೆ ಕೆಲವು ಗಾಡಿಗಳಲ್ಲಿ ಒಂದು ಬದಿ ತೆರೆದ ಚಾನೆಲ್, ಕೆಲವುಗಳಲ್ಲಿ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹೋದ ನೀರು ಹೊರಬರೋಕೆ ಕೆಳಗೆ ಸಣ್ಣ ತೂತುಗಳಿರುತ್ತವೆ. ಕೆಸರು ಆ ತೂತು ಮುಚ್ಚಿದರೆ ಒಳಗೆ ಸದಾ ಒದ್ದೆ. ಹೊರಗೆ ಬಣ್ಣ ಹೊಳೆಯುತ್ತಾ ಇರುತ್ತೆ, ಒಳಗಿನಿಂದ ಉಕ್ಕು ಸವೆಯುತ್ತಾ ಇರುತ್ತೆ.

ಮೇಲೆ ಕೆಂಪಗೆ ಪುಡಿಯಾಗಿರುವ ತುಕ್ಕನ್ನು ಉಜ್ಜಿ ತೆಗೆದು ಬಣ್ಣ ಹೊಡೆಯಬಹುದು. ಅಪಾಯದ್ದು ಪದರ ಪದರವಾಗಿ ಎದ್ದು ಬರುವ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತೆ. ಹಾಗಾಗಿ ಎರಡು ತಗಡು ಕೂಡಿದ ಜಾಗದಲ್ಲಿ ಅದು ಬೆಳೆದರೆ ತಗಡುಗಳನ್ನೇ ಒಂದರಿಂದ ಇನ್ನೊಂದನ್ನು ದೂರ ತಳ್ಳುತ್ತೆ. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ ಅನ್ನುತ್ತೆ, ಸವೆದದ್ದು ಮಂದವಾಗಿ ಸದ್ದು ಮಾಡುತ್ತೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯೋ ಜಾಗ ಸಿಕ್ಕಿದರೆ ಅವತ್ತೇ ಲೋಡ್ ಹಾಕೋದು ನಿಲ್ಲಿಸಬೇಕು.

ವಾರಂಟಿ ಪುಸ್ತಕದ ಸಣ್ಣ ಅಕ್ಷರ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರು 9 ಲಕ್ಷಕ್ಕೆ ಹೊಸ ಪಿಕಪ್ ತಗೊಂಡರು. ಐದನೇ ವರ್ಷ ಹಿಂದಿನ ಸ್ಪ್ರಿಂಗ್ ಹತ್ತಿರ ಚಾಸಿಯಲ್ಲಿ ತೂತು ಕಂಡಿತು. ಸರ್ವಿಸ್ ಸೆಂಟರ್‌ನಲ್ಲಿ ಸಿಗುವ ಉತ್ತರ ಹೀಗಿರುತ್ತೆ: "ವಾರಂಟಿ ಮುಗಿದಿದೆ ಅಣ್ಣಾ. ಮುಗಿದಿಲ್ಲ ಅಂದ್ರೂ ತುಕ್ಕು ಅದರಲ್ಲಿ ಬರಲ್ಲ." ಆ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಪುಸ್ತಕ ಓದಬೇಕು.

ವಾಣಿಜ್ಯ ಗಾಡಿಗಳ ಸಾಮಾನ್ಯ ವಾರಂಟಿ ಕೆಲವೇ ವರ್ಷ ಅಥವಾ ಇಂತಿಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ದಿನಕ್ಕೆ 150 ಕಿ.ಮೀ. ಓಡುವ ಗಾಡಿ ತಿಂಗಳಿಗೆ 26 ದಿನ ಓಡಿದರೆ ವರ್ಷಕ್ಕೆ ಸುಮಾರು 47 ಸಾವಿರ ಕಿ.ಮೀ. ಆಗುತ್ತೆ. ಕಿಲೋಮೀಟರ್ ಲೆಕ್ಕದಲ್ಲಿ ವಾರಂಟಿ ಬೇಗ ಕರಗುತ್ತೆ. ತುಕ್ಕು ಮಾತ್ರ ಕ್ಯಾಲೆಂಡರ್ ನೋಡಿ ಬರುತ್ತೆ, ಅದಕ್ಕೆ ವರ್ಷಗಳು ಬೇಕು. ದೋಷ ಕಣ್ಣಿಗೆ ಬೀಳೋ ಹೊತ್ತಿಗೆ ವಾರಂಟಿ ಮುಗಿದಿರುತ್ತೆ.

ಕೆಲವು ಕಾರು ಕಂಪನಿಗಳು ತುಕ್ಕಿಗೆ ಬೇರೆಯೇ, ಉದ್ದನೆಯ ವಾರಂಟಿ ಕೊಡುತ್ತವೆ. ಅದನ್ನೂ ಎಚ್ಚರದಿಂದ ಓದಬೇಕು. ಸಾಮಾನ್ಯವಾಗಿ ಅದು ಬಾಡಿಯ ತಗಡು ಒಳಗಿನಿಂದ ಹೊರಗೆ ಪೂರ್ತಿ ತೂತು ಬಿದ್ದರೆ ಮಾತ್ರ ಅನ್ವಯ. ಮೇಲಿನ ತುಕ್ಕು, ಕಲ್ಲು ಬಡಿದು ಬಣ್ಣ ಹೋದ ಜಾಗದ ತುಕ್ಕು, ರಾಸಾಯನಿಕ ಬಿದ್ದು ಬಂದ ತುಕ್ಕು ಸೇರಲ್ಲ. ಪಟ್ಟಿಯಲ್ಲಿ "ಬಾಡಿ ಪ್ಯಾನೆಲ್" ಅಂತಿದ್ದರೆ ಚಾಸಿ ಅದರಲ್ಲಿ ಇಲ್ಲ ಅಂತಲೇ ಕಂಪನಿ ವಾದಿಸುತ್ತೆ.

ಪಿಕಪ್‌ನವರಿಗೆ ಮತ್ತೂ ಒಂದು ಗುಂಡಿ ಇದೆ. ಅನೇಕರು ಬರೀ ಕ್ಯಾಬಿನ್ ಮತ್ತು ಚಾಸಿ ಕೊಂಡು, ತೊಟ್ಟಿ ಅಥವಾ ಕಂಟೇನರ್ ಬಾಡಿಯನ್ನು ಹೊರಗೆ ಕಟ್ಟಿಸುತ್ತಾರೆ. ಬಾಡಿ ಕಟ್ಟುವಾಗ ಚಾಸಿಗೆ ತೂತು ಕೊರೆದರೆ, ವೆಲ್ಡಿಂಗ್ ಮಾಡಿದರೆ, ಕಾರ್ಖಾನೆಯ ಲೇಪನ ಅಲ್ಲಿ ಹೋಯಿತು. ಆಮೇಲೆ ಬರುವ ತುಕ್ಕಿಗೆ ಕಂಪನಿ ಆ ತೂತನ್ನೇ ತೋರಿಸುತ್ತೆ. ವಿಮೆಯವರೂ ಕೈಹಿಡಿಯಲ್ಲ. ಸವಕಳಿಯಿಂದ ಆದ ನಷ್ಟವನ್ನು ಸಾಮಾನ್ಯ ವಾಹನ ವಿಮೆ ಹೊರಗಿಟ್ಟಿದೆ.

ಪೀಣ್ಯದ ಶೆಡ್ಡಿಗೆ ಇರುವ ಷರತ್ತು ಕಂಪನಿಗೆ ಯಾಕಿಲ್ಲ?

ಇಲ್ಲೊಂದು ವಿಚಿತ್ರ ಇದೆ. ತುಕ್ಕು ಬರದಂತೆ ನೋಡಿಕೊಳ್ಳುವುದೇ ಬಾಗಲಗುಂಟೆ, ದಾಸರಹಳ್ಳಿಯ ಎಷ್ಟೋ ಜನರ ಉದ್ಯೋಗ. ಪೀಣ್ಯದಲ್ಲಿ ಸತು ಲೇಪನ, ಫಾಸ್ಫೇಟಿಂಗ್, ಪೌಡರ್ ಕೋಟಿಂಗ್ ಮಾಡುವ ಯೂನಿಟ್‌ಗಳು ಸಾಕಷ್ಟಿವೆ. ಅಲ್ಲಿ ಕೆಲಸ ಮಾಡಿದವರಿಗೆ 'ಸಾಲ್ಟ್ ಸ್ಪ್ರೇ ಟೆಸ್ಟ್' ಗೊತ್ತಿರುತ್ತೆ. ಲೇಪನ ಆದ ತುಂಡನ್ನು ಒಂದು ಪೆಟ್ಟಿಗೆಯಲ್ಲಿಟ್ಟು, 35 ಡಿಗ್ರಿ ಶಾಖದಲ್ಲಿ ಶೇ. 5ರ ಉಪ್ಪುನೀರಿನ ಮಂಜು ಬಿಡುತ್ತಾರೆ. ತುಕ್ಕು ಕಾಣದೆ ಎಷ್ಟು ಗಂಟೆ ತಡೆಯಿತು ಅಂತ ಲೆಕ್ಕ. ಇಷ್ಟು ಗಂಟೆ ತಡೆಯಲೇಬೇಕು ಅಂತ ಆರ್ಡರ್‌ನಲ್ಲೇ ಬರೆದಿರುತ್ತೆ. ತಡೆಯದಿದ್ದರೆ ಮಾಲು ವಾಪಸ್, ನಷ್ಟ ಸಣ್ಣ ಯೂನಿಟ್‌ನದು.

ಅಂದ್ರೆ ದೊಡ್ಡ ಕಂಪನಿಗಳು ತಮಗೆ ಬಿಡಿಭಾಗ ಕೊಡುವವರಿಂದ ತುಕ್ಕಿನ ಖಾತ್ರಿಯನ್ನು ಅಂಕಿಯಲ್ಲೇ ಬರೆಸಿಕೊಳ್ಳುತ್ತವೆ. ಅದೇ ಭಾಗಗಳು ಸೇರಿ ಗಾಡಿಯಾಗಿ ಶೋರೂಮಿಗೆ ಬಂದಾಗ, 9 ಲಕ್ಷ ಕೊಟ್ಟು ಕೊಳ್ಳುವವನಿಗೆ ಆ ಅಂಕಿ ಯಾರೂ ಹೇಳಲ್ಲ. ಚಾಸಿಗೆ ಯಾವ ಲೇಪನ ಇದೆ, ಎಷ್ಟು ಗಂಟೆ ಪರೀಕ್ಷೆ ಪಾಸಾಗಿದೆ ಅಂತ ಮಾರಾಟದ ಕರಪತ್ರದಲ್ಲಿ ಹುಡುಕಿ ನೋಡಿ. ಖಾತ್ರಿ ಮೇಲಕ್ಕೆ ಹರಿಯುತ್ತೆ, ಕೆಳಕ್ಕೆ ಇಳಿಯಲ್ಲ.

ಇದರ ಬೆಲೆ ಇನ್ನೊಂದು ಕಡೆಯಿಂದಲೂ ಇದೇ ಜನ ತೆರುತ್ತಿದ್ದಾರೆ. ಲೋಹಕ್ಕೆ ಲೇಪನ ಹಾಕಿದ ನೀರು ಸರಿಯಾಗಿ ಶುದ್ಧವಾಗದೆ ನೆಲಕ್ಕೆ ಇಳಿದ ಕಾರಣ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ತುಕ್ಕು ತಡೆಯುವ ಕೆಲಸದ ಕೊಳೆ ನಮ್ಮ ಬೋರ್‌ವೆಲ್‌ಗೆ, ತುಕ್ಕು ಹಿಡಿದ ಗಾಡಿಯ ಖರ್ಚು ನಮ್ಮ ಜೇಬಿಗೆ.

ಅಮೆರಿಕದಲ್ಲಿ ಟೊಯೋಟ ಯಾಕೆ ದುಡ್ಡು ಕೊಟ್ಟಿತು?

ಚಾಸಿ ತುಕ್ಕಿನ ದೊಡ್ಡ ಜಗಳ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಟೊಯೋಟದ ಟಕೋಮಾ ಪಿಕಪ್‌ಗಳ ಚಾಸಿಯಲ್ಲಿ ತೂತು ಬೀಳುತ್ತಿವೆ ಅಂತ ದೂರುಗಳು ಬಂದ ಮೇಲೆ, 2008ರಲ್ಲಿ ಕಂಪನಿ 1995ರಿಂದ 2000ರವರೆಗಿನ ಸುಮಾರು 8 ಲಕ್ಷ ಟಕೋಮಾಗಳ ಚಾಸಿಗೆ 15 ವರ್ಷದ ವಾರಂಟಿ ಕೊಟ್ಟಿತು. ರಿಪೇರಿ ಆಗದಷ್ಟು ಹಾಳಾದ ಗಾಡಿಗಳನ್ನು ಹಳೆ ಗಾಡಿಯ ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ತಗೊಂಡಿತು.

ಅಲ್ಲಿಗೇ ಮುಗಿಯಲಿಲ್ಲ. ಆಮೇಲಿನ ಮಾಡೆಲ್‌ಗಳ ಮಾಲೀಕರು ಒಟ್ಟಾಗಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿಗೆ ಹೋದರು. 2016ರಲ್ಲಿ ರಾಜಿ ಪ್ರಸ್ತಾವ ಬಂತು, 2017ರಲ್ಲಿ ಕೋರ್ಟ್ ಒಪ್ಪಿತು. ಟಕೋಮಾ, ಟಂಡ್ರಾ, ಸೆಕೋಯಾ ಸೇರಿ ಸುಮಾರು 15 ಲಕ್ಷ ಗಾಡಿಗಳು. ಒಟ್ಟು ಮೌಲ್ಯ 340 ಕೋಟಿ ಡಾಲರ್‌ವರೆಗೆ ಅಂತ ಅಂದಾಜು. ಗಾಡಿ ಮೊದಲು ರಸ್ತೆಗಿಳಿದ ದಿನದಿಂದ 12 ವರ್ಷದವರೆಗೆ ಚಾಸಿ ತಪಾಸಣೆ. 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ತೂತು ಇದ್ದರೆ ಹೊಸ ಚಾಸಿ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಖರ್ಚು ಒಪ್ಪಿಕೊಂಡಿತು. ಹಳೆಯ ಚಾಸಿ ಪೂರೈಸಿದ್ದ ಡಾನಾ ಕಂಪನಿ 2011ರಲ್ಲಿ ಟೊಯೋಟಕ್ಕೆ 2.5 ಕೋಟಿ ಡಾಲರ್ ಕೊಟ್ಟು ಲೆಕ್ಕ ಚುಕ್ತಾ ಮಾಡಿತ್ತು.

ಇದರಲ್ಲಿ ನಮಗೆ ಬೇಕಾದ ಪಾಠ ಮೂರು. ಒಂದು, 12-15 ವರ್ಷದ ಚಾಸಿ ಖಾತ್ರಿ ಅಸಾಧ್ಯವೇನಲ್ಲ. ಎರಡು, 'ತುಕ್ಕು' ಅನ್ನೋ ಅಸ್ಪಷ್ಟ ಪದದ ಬದಲು '10 ಮಿಲಿಮೀಟರ್ ತೂತು' ಅನ್ನೋ ಅಳತೆ ಬಂದಾಗ ವಾದಕ್ಕೆ ಜಾಗ ಕಡಿಮೆಯಾಯಿತು. ಮೂರು, ಒಬ್ಬೊಬ್ಬರೇ ಹೋಗಿದ್ದರೆ ಅವರಿಗೂ "ಇದು ಕವರ್ ಆಗಲ್ಲ" ಅನ್ನೋ ಉತ್ತರವೇ ಸಿಗುತ್ತಿತ್ತು.

ನಮ್ಮ ಕಾನೂನಿನಲ್ಲಿ ಏನಿದೆ?

"ನಿಮ್ಮದು ವೈಟ್ ಬೋರ್ಡ್ ಅಲ್ಲ, ಯೆಲ್ಲೋ ಬೋರ್ಡ್. ನೀವು ಗ್ರಾಹಕರೇ ಅಲ್ಲ." ಗ್ರಾಹಕ ಆಯೋಗಕ್ಕೆ ಹೋದರೆ ಎದುರಿಗೆ ಬರುವ ಮೊದಲ ವಾದ ಇದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಹೊರಗಿಡುತ್ತೆ ಅನ್ನೋದು ನಿಜ. ಆದರೆ ಅದರ ಕಲಂ 2(7)ರ ವಿವರಣೆ ಓದಿ: ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವ ವಸ್ತು 'ವಾಣಿಜ್ಯ ಉದ್ದೇಶ'ದಲ್ಲಿ ಸೇರಲ್ಲ. ಹಳೆಯ ಕಾಯ್ದೆಗೆ 1993ರಲ್ಲಿ ಸೇರಿದ ಈ ವಿವರಣೆಯನ್ನು ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಬಾಡಿಗೆಗೆ ತಾನೇ ಓಡಿಸೋಕೆ ಆಟೋ ಕೊಂಡವನು, ತಾನೇ ಓಡಿಸೋಕೆ ಟ್ರಕ್ ಕೊಂಡವನು ಗ್ರಾಹಕನೇ. ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಆ ಹಕ್ಕು ಹೋಗಲ್ಲ. ಹತ್ತು ಗಾಡಿ ಇಟ್ಟು ಚಾಲಕರ ಕೈಲಿ ಓಡಿಸುವವರಿಗೆ ಈ ಬಾಗಿಲು ಕಷ್ಟ. ಒಂದೇ ಗಾಡಿಯ ಚಾಲಕ-ಮಾಲೀಕನಿಗೆ ತೆರೆದಿದೆ. ದೂರಿನ ಮೊದಲ ಪ್ಯಾರಾದಲ್ಲೇ "ನನ್ನ ಜೀವನೋಪಾಯಕ್ಕೆ, ನಾನೇ ಓಡಿಸುವ ಗಾಡಿ" ಅಂತ ಬರೆಯಬೇಕು.

ಇನ್ನು ದೋಷ ಅಂದರೇನು? ಕಲಂ 2(10)ರ ಪ್ರಕಾರ ಕಾನೂನಿನಲ್ಲಿ ಅಥವಾ ಒಪ್ಪಂದದಲ್ಲಿ ಇರಬೇಕಾದ ಗುಣಮಟ್ಟದಲ್ಲಿ ಕೊರತೆ ಇದ್ದರೆ ಅದು ದೋಷ. ಆ ಒಪ್ಪಂದ ಬರೆದದ್ದೇ ಆಗಬೇಕಿಲ್ಲ, ಸೂಚಿತವಾಗಿದ್ದರೂ ಸಾಕು. ಭಾರ ಹೊರಲೆಂದೇ ಮಾರಿದ ಗಾಡಿಯ ಚಾಸಿ ಕೆಲವೇ ವರ್ಷದಲ್ಲಿ ತೂತು ಬೀಳಬಾರದು ಅನ್ನೋ ವಾದಕ್ಕೆ ಇಲ್ಲಿ ಜಾಗ ಇದೆ. ಆದರೆ ಸಾಬೀತು ಮಾಡುವ ಹೊಣೆ ದೂರುದಾರನದು. ಬಳಕೆಯಿಂದ ಬಂದ ತುಕ್ಕಲ್ಲ, ಲೇಪನದ ಅಥವಾ ವಿನ್ಯಾಸದ ದೋಷ ಅಂತ ತೋರಿಸಬೇಕು. ಕಲಂ 38ರ ಅಡಿ ಆಯೋಗವೇ ಪರೀಕ್ಷೆಗೆ ಲ್ಯಾಬ್‌ಗೆ ಕಳಿಸಬಹುದು, ಶುಲ್ಕ ಮಾತ್ರ ಮೊದಲು ದೂರುದಾರ ಕಟ್ಟಬೇಕು.

ಹೊಸ ಕಾಯ್ದೆಯ 'ಉತ್ಪನ್ನ ಹೊಣೆಗಾರಿಕೆ' ಅಧ್ಯಾಯದ ಬಗ್ಗೆ ಬಹಳ ಪ್ರಚಾರ ಇತ್ತು. ಚಾಸಿ ಮುರಿದು ಗಾಯ ಅಥವಾ ಸಾವು ಆದರೆ ಅದು ಉಪಯೋಗಕ್ಕೆ ಬರುತ್ತೆ. ಚಾಸಿಯೇ ಹಾಳಾದ ನಷ್ಟಕ್ಕೆ ಬರಲ್ಲ. 'ಹಾನಿ'ಯ ವ್ಯಾಖ್ಯೆಯಲ್ಲಿ ಆ ವಸ್ತುವಿಗೇ ಆದ ಹಾನಿಯನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ದೂರು 'ದೋಷ'ದ ಮೇಲೆಯೇ ನಿಲ್ಲಬೇಕು.

ವಾರಂಟಿಯ ಷರತ್ತೇ ಒಂದು ಕಡೆಗೆ ವಾಲಿದೆ ಅನಿಸಿದರೆ 'ಅನ್ಯಾಯದ ಒಪ್ಪಂದ' ಅಂತ ಪ್ರಶ್ನಿಸಬಹುದು. ಅದು ಜಿಲ್ಲಾ ಆಯೋಗದಲ್ಲಿ ಆಗಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು.

ಒಟ್ಟಾಗಿ ಹೋಗುವ ದಾರಿಯೂ ಇದೆ. ಕಲಂ 35(1)(ಸಿ) ಪ್ರಕಾರ ಒಂದೇ ಹಿತಾಸಕ್ತಿಯ ಹಲವರ ಪರವಾಗಿ ಒಬ್ಬರು ಅಥವಾ ಕೆಲವರು, ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಬೆಂಗಳೂರಿನ ಫ್ಲಾಟ್ ಖರೀದಿದಾರರ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಚರ್ಚಿಸಿದೆ. ಎಲ್ಲರ ಪರವಾಗಿ ಅಂತ ಹೇಳಬೇಕಾದರೆ ಎಲ್ಲರ ಸಮಸ್ಯೆ ನಿಜಕ್ಕೂ ಒಂದೇ ಅಂತ ತೋರಿಸಬೇಕು. ಆಗದಿದ್ದರೆ ಕೆಲವರು ಸೇರಿ ಜಂಟಿ ದೂರು ಕೊಡಬಹುದು. ಒಂದೇ ಮಾಡೆಲ್, ಒಂದೇ ಅವಧಿ, ಚಾಸಿಯ ಒಂದೇ ಜಾಗದಲ್ಲಿ ತೂತು: ಇಂಥ ಐದು ಗಾಡಿಗಳ ಫೋಟೋ ಇದ್ದರೆ "ನೀನು ಸರಿಯಾಗಿ ನೋಡಿಕೊಂಡಿಲ್ಲ" ಅನ್ನೋ ವಾದ ತುಂಬಾ ಸಡಿಲವಾಗುತ್ತೆ.

ಏಳು ವರ್ಷದ ಗೋಡೆ

ಇನ್ನೊಂದು ಕಾನೂನು ಮೋಟಾರು ವಾಹನ ಕಾಯ್ದೆ. 2019ರ ತಿದ್ದುಪಡಿಯಲ್ಲಿ ಬಂದ ಕಲಂ 110ಎ ಪ್ರಕಾರ, ಚಾಲಕರಿಗೆ ಅಥವಾ ರಸ್ತೆಯಲ್ಲಿರುವವರಿಗೆ ಅಪಾಯ ತರುವ ದೋಷ ಇದ್ದರೆ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಮಾಲೀಕರು ಆನ್‌ಲೈನ್‌ನಲ್ಲಿ ದೂರು ದಾಖಲಿಸಬಹುದು. ಮಾರಾಟವಾದ ಗಾಡಿಗಳಲ್ಲಿ ನಿಗದಿತ ಪ್ರಮಾಣದವರು ದೂರಿದರೆ ಪ್ರಕ್ರಿಯೆ ಶುರುವಾಗುತ್ತೆ.

ಆದರೆ ಈ ನಿಯಮ 7 ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಬ್ರೇಕ್, ಏರ್‌ಬ್ಯಾಗ್ ದೋಷ ಏಳು ವರ್ಷದೊಳಗೆ ಗೊತ್ತಾಗಬಹುದು. ಚಾಸಿಯ ತುಕ್ಕು ಪಕ್ಕಾ ಕಣ್ಣಿಗೆ ಬೀಳೋದು ಅನೇಕ ಸಲ ಅದರ ಆಚೆಗೆ. ಅದೇ ಸರ್ಕಾರ ವಾಣಿಜ್ಯ ಗಾಡಿಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸು ಅನ್ನುತ್ತೆ. ಅಂದ್ರೆ ಗಾಡಿ ಹಳೆಯದಾದಷ್ಟೂ ಅಪಾಯ ಜಾಸ್ತಿ ಅಂತ ಸರ್ಕಾರಕ್ಕೆ ಗೊತ್ತು. ಎಂಟನೇ ವರ್ಷದಿಂದ ಮಾಲೀಕನ ಮೇಲೆ ನಿಗಾ ಹೆಚ್ಚುತ್ತೆ. ಕಂಪನಿಯ ಮೇಲಿನ ನಿಗಾ ಏಳಕ್ಕೇ ಮುಗಿದಿರುತ್ತೆ.

ಆ್ಯಪ್‌ಗಳಿಗೆ ಗಾಡಿ ಓಡಿಸುವವರ ವಿಷಯ ಇನ್ನೂ ಬಿಗಿ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿತು. ಅದು ಒಳ್ಳೆಯ ಹೆಜ್ಜೆ. ಆದರೆ ಗಾಡಿಯ ಸವೆತ ಮಾತ್ರ ಈಗಲೂ ಚಾಲಕನದೇ ಬಾಬ್ತು.

ಇವತ್ತೇ ಮಾಡಬಹುದಾದದ್ದು

- ಕೊಳ್ಳುವಾಗ ಲಿಖಿತವಾಗಿ ಕೇಳಿ: ಚಾಸಿಗೆ ತುಕ್ಕಿನ ವಾರಂಟಿ ಇದೆಯಾ, ಎಷ್ಟು ವರ್ಷ? ಶೋರೂಮಿನ ಬಾಯಿಮಾತಿಗಿಂತ ಒಂದು ವಾಟ್ಸಾಪ್ ಉತ್ತರ ಮೇಲು.
- ಹೊಸ ಗಾಡಿಯ ಕೆಳಭಾಗದ ಫೋಟೋ ತೆಗೆದಿಡಿ. ವರ್ಷಕ್ಕೊಮ್ಮೆ ಅದೇ ಜಾಗಗಳ ಫೋಟೋ ಮತ್ತೆ ತೆಗೆಯಿರಿ.
- ಹೊರಗೆ ಬಾಡಿ ಕಟ್ಟಿಸುವಾಗ ಚಾಸಿಗೆ ತೂತು, ವೆಲ್ಡಿಂಗ್ ಬೇಡ ಅನ್ನಿ. ಕ್ಲ್ಯಾಂಪ್ ಹಾಕಿ ಕೂರಿಸಲು ಹೇಳಿ. ಬಿಲ್ ಇಟ್ಟುಕೊಳ್ಳಿ.
- ಕರಾವಳಿಗೆ ಹೋಗಿ ಬಂದ ಮೇಲೆ, ಮೀನು ಅಥವಾ ಕೆಮಿಕಲ್ ಲೋಡ್ ಇಳಿಸಿದ ಮೇಲೆ ಕೆಳಗಡೆ ಸಿಹಿನೀರಿನಿಂದ ತೊಳೆಸಿ. ಚಾಸಿಯ ನೀರಿಳಿಯುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ.
- ಇರುವ ತುಕ್ಕಿನ ಮೇಲೆಯೇ ದಪ್ಪ ರಬ್ಬರ್ ಕೋಟಿಂಗ್ ಹೊಡೆಸಬೇಡಿ. ಒದ್ದೆ ಒಳಗೆ ಸಿಕ್ಕಿಕೊಂಡು ತುಕ್ಕು ಕಾಣದಂತೆ ಬೆಳೆಯುತ್ತೆ. ಉಜ್ಜಿ, ಒಣಗಿಸಿ, ಪ್ರೈಮರ್ ಹಾಕಿ. ಪೆಟ್ಟಿಗೆಯ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಹಳೆ ರೂಢಿ ಬೇಡ: ರಬ್ಬರ್ ಬುಷ್ ಹಾಳಾಗುತ್ತೆ, ಆಯಿಲ್ ರಸ್ತೆಗೂ ಚರಂಡಿಗೂ ಇಳಿಯುತ್ತೆ.
- ಪ್ರತಿ ಸರ್ವಿಸ್‌ನಲ್ಲೂ ತುಕ್ಕು ಕಂಡರೆ ಜಾಬ್ ಕಾರ್ಡ್‌ನಲ್ಲಿ ಬರೆಸಿ. "ಬರೆಯೋದು ಬೇಡ ಅಣ್ಣಾ, ನಾನೇ ನೋಡ್ತೀನಿ" ಅಂದರೂ ಬರೆಸಿ. ವಾರಂಟಿಯೊಳಗೆ ದೂರು ಕೊಟ್ಟಿದ್ದಕ್ಕೆ ಇದೇ ಸಾಕ್ಷಿ.
- ಕಂಪನಿ ನಿರಾಕರಿಸಿದರೆ ಕಾರಣ ಬರಹದಲ್ಲಿ ಕೇಳಿ. ವೆಲ್ಡಿಂಗ್ ಮಾಡಿಸುವ ಮೊದಲು ಫೋಟೋ, ಸ್ವತಂತ್ರ ಎಂಜಿನಿಯರ್ ಅಭಿಪ್ರಾಯ ತಗೊಳ್ಳಿ. ರಿಪೇರಿ ಆದ ಮೇಲೆ ಸಾಕ್ಷಿ ಉಳಿಯಲ್ಲ.
- ಮೊದಲು 1915ಕ್ಕೆ ಕರೆ, ಆಮೇಲೆ ನೋಟಿಸ್, ಆಮೇಲೆ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಸಲ್ಲಿಸಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂ. ವಕೀಲರು ಕಡ್ಡಾಯ ಅಲ್ಲ. ಕಾರಣ ಉಂಟಾದ ದಿನದಿಂದ 2 ವರ್ಷ ಗಡುವು, ಕಾಯುತ್ತಾ ಕೂರಬೇಡಿ.
- ಚಾಸಿ ನಂಬರ್ ಮಸುಕಾದರೆ ಆರ್‌ಟಿಒ ಅನುಮತಿ ಇಲ್ಲದೆ ಮತ್ತೆ ಹೊಡೆಸಬೇಡಿ. ಕಳ್ಳಗಾಡಿಯ ಅನುಮಾನ ನಿಮ್ಮ ಮೇಲೆ ಬರುತ್ತೆ.
- ಹಳೆ ಗಾಡಿ ಕೊಳ್ಳುವಾಗ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಸುತ್ತಿಗೆ ತಗೊಂಡು ಹೋಗಿ.

ನಾವು ಕೇಳಬೇಕಾದದ್ದು

ಮೇಲಿನ ಪಟ್ಟಿಯೆಲ್ಲ ಒಬ್ಬ ಚಾಲಕ ತನ್ನನ್ನು ತಾನು ಕಾಪಾಡಿಕೊಳ್ಳೋಕೆ. ಬೆಳಗ್ಗೆ 5ಕ್ಕೆ ದಾಸನಪುರ ಮಾರುಕಟ್ಟೆಯಲ್ಲಿ ಲೋಡ್ ತುಂಬಿ, ರಾತ್ರಿ 10ಕ್ಕೆ ಮನೆ ಸೇರುವವರಿಂದ ಇದೆಲ್ಲ ನಿರೀಕ್ಷೆ ಮಾಡೋದೇ ಅನ್ಯಾಯ. ನಿಯಮ ಬದಲಾದರೆ ಈ ಪಟ್ಟಿ ಚಿಕ್ಕದಾಗುತ್ತೆ.

ಬೇಡಿಕೆಗಳು ಕಷ್ಟದವಲ್ಲ. ಚಾಸಿಗೆ ಕಿಲೋಮೀಟರ್ ಮಿತಿಯಿಲ್ಲದ, ವರ್ಷದ ಲೆಕ್ಕದ ತುಕ್ಕಿನ ವಾರಂಟಿ ಕಡ್ಡಾಯವಾಗಲಿ. ಲೇಪನ ಯಾವುದು, ಎಷ್ಟು ಗಂಟೆಯ ಪರೀಕ್ಷೆ ಪಾಸಾಗಿದೆ ಅಂತ ಮಾರುವಾಗಲೇ ಹೇಳಲಿ. ಪೀಣ್ಯದ ಸಣ್ಣ ಯೂನಿಟ್ ಕಂಪನಿಗೆ ಹೇಳುತ್ತಿರುವಂತೆ. ರೀಕಾಲ್ ನಿಯಮದ ಏಳು ವರ್ಷದ ಗೋಡೆ ಭಾರ ಹೊರುವ ಭಾಗಗಳಿಗೆ ಬೇಡ. ಎಫ್‌ಸಿಯಲ್ಲಿ ಚಾಸಿ ತುಕ್ಕಿನಿಂದ ಫೇಲಾದ ಗಾಡಿಗಳ ಮಾಡೆಲ್, ವರ್ಷ ಸಾರ್ವಜನಿಕವಾಗಲಿ. ಆಗ ಒಂದೇ ಮಾಡೆಲ್ ಪದೇ ಪದೇ ಬಂದರೆ ಎಲ್ಲರಿಗೂ ಕಾಣುತ್ತೆ, ಒಬ್ಬೊಬ್ಬರೇ ಸಾಕ್ಷಿ ಹುಡುಕಿಕೊಂಡು ಅಲೆಯಬೇಕಿಲ್ಲ.

ಪೀಣ್ಯ ಮೇಲ್ಸೇತುವೆಯ ತುಕ್ಕು ಕಂಡಾಗ ಯಾರೂ ಅದರ ಮೇಲೆ ಓಡಾಡಿದವರನ್ನು ಹೊಣೆ ಮಾಡಲಿಲ್ಲ. ಕಟ್ಟಿದವರನ್ನು, ನೋಡಿಕೊಳ್ಳಬೇಕಾದವರನ್ನು ಕೇಳಿದರು. ಅದೇ ಸೇತುವೆಯ ಕೆಳಗೆ, ಸರ್ವಿಸ್ ರಸ್ತೆಯಲ್ಲಿ ಲೋಡ್ ಹೊತ್ತು ಹೋಗುತ್ತಿರುವ ಪಿಕಪ್‌ನವನಿಗೂ ಆ ಪ್ರಶ್ನೆ ಕೇಳುವ ಹಕ್ಕಿದೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥ ಗಾಡಿ ಇದ್ದರೆ ಈ ಭಾನುವಾರ ಒಂದು ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಫೋಟೋ ತೆಗೆಯಿರಿ. ಅದೇ ಮಾಡೆಲ್ ಇರುವ ಪಕ್ಕದವರನ್ನೂ ಕರೆದು ತೋರಿಸಿ.